ಹಿಂದಿರುಗುವ ಗಾಳಿಗೂ ಒಳ್ಳೆಯ ದಾರಿ ಬೇಕು

ಅಮೆರಿಕದ ಮಿಶಿಗನ್, ಇಲಿನಾಯ್, ಒಹಾಯೊ ಕಡೆಯ ಹಳೆಯ ಮನೆಗಳ ನೆಲಮಾಳಿಗೆಗೆ ಇಳಿದವರು ಒಮ್ಮೆ ತಲೆ ಎತ್ತಿ ನೋಡಬೇಕು. ಮೇಲಿನ ನೆಲವನ್ನು ಹೊತ್ತ ಮರದ ಜಂತೆಗಳು 16 ಇಂಚಿಗೊಂದರಂತೆ ಸಾಲುಗಟ್ಟಿರುತ್ತವೆ. ಹೆಚ್ಚಿನ ಸಾಲುಗಳ ನಡುವೆ ಕಾಣುವುದು ಬರಿಯ ಹಲಗೆ, ಜೇಡರ ಬಲೆ, ವಿದ್ಯುತ್ ತಂತಿ. ಆದರೆ ಎರಡು ಮೂರು ಕಡೆ ಜಂತೆಯಿಂದ ಜಂತೆಗೆ ತೆಳು ತಗಡನ್ನು ಅಡ್ಡ ಇಟ್ಟು ಕೆಳಗಿನಿಂದ ಮೊಳೆ ಹೊಡೆದು ಮುಚ್ಚಿರುತ್ತಾರೆ. ಅದೇ ಡಕ್ಟ್. ಮೇಲೆ ನೆಲದ ಹಲಗೆ, ಎಡಬಲಕ್ಕೆ ಜಂತೆ, ಕೆಳಗೆ ತಗಡು. ಮಲಗುವ ಕೋಣೆಗಳ ಗಾಳಿ ಈ ಮರದ ಸಂದಿನಲ್ಲಿ ಹಾದು ಫರ್ನೇಸಿಗೆ ವಾಪಸಾಗುತ್ತದೆ. ಫ್ಯಾನ್ ತಿರುಗುತ್ತಿರುವಾಗ ತಗಡಿನ ಅಂಚಿಗೆ ಹಚ್ಚಿದ ಊದಿನಕಡ್ಡಿ ಹಿಡಿದರೆ ಹೊಗೆ ಮೇಲಕ್ಕೇರುವುದಿಲ್ಲ. ಅಡ್ಡಕ್ಕೆ ಬಾಗಿ, ಮರಕ್ಕೂ ತಗಡಿಗೂ ನಡುವಿನ ಕೂದಲೆಳೆಯಷ್ಟು ಸಂದಿನೊಳಗೆ ಸರ್ರನೆ ನುಗ್ಗಿ ಮಾಯವಾಗುತ್ತದೆ.

ಊದಿನಕಡ್ಡಿಯ ಹೊಗೆ ಹೋದರೆ ಹೋಗಲಿ. ಅದೇ ದಾರಿಯಲ್ಲಿ ನೆಲಮಾಳಿಗೆಯ ಧೂಳು, ತೇವದ ವಾಸನೆ, ಮಣ್ಣಿನಿಂದೇಳುವ ರೇಡಾನ್ ಅನಿಲ, ಪಕ್ಕದಲ್ಲಿರುವ ನೀರು ಕಾಯಿಸುವ ಹಂಡೆಯ ಉರಿಹೊಗೆ ಎಲ್ಲವೂ ಹೋಗಬಲ್ಲವು. ಹೋಗಿ, ಬೆಚ್ಚಗಾಗಿ, ಮಕ್ಕಳು ಮಲಗಿರುವ ಕೋಣೆಗೆ ಬರಬಲ್ಲವು. ರಿಟರ್ನ್ ಡಕ್ಟನ್ನು ಯಾವುದರಿಂದ ಕಟ್ಟಬೇಕು ಎಂಬುದು ಮೇಲ್ನೋಟಕ್ಕೆ ಮೇಸ್ತ್ರಿಗೆ ಬಿಟ್ಟ ಸಣ್ಣ ಪ್ರಶ್ನೆ. ನಿಜವಾಗಿ ಅದು ಮನೆಯವರೆಲ್ಲ ಯಾವ ಗಾಳಿ ಉಸಿರಾಡಬೇಕು ಎಂಬ ಪ್ರಶ್ನೆ.

ಏರ್ಪಾಡು ಸರಳ. ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ಒಂದು ಫರ್ನೇಸ್ ಇರುತ್ತದೆ. ಅದರೊಳಗಿನ ಲೋಹದ ಕೋಶದಲ್ಲಿ ಗ್ಯಾಸ್ ಉರಿಯುತ್ತದೆ. ಉರಿದ ಹೊಗೆ ಕೊಳವೆಯ ಮೂಲಕ ಮನೆಯಾಚೆ ಹೋಗುತ್ತದೆ. ಕೋಶದ ಹೊರಮೈಯನ್ನು ಸವರಿಕೊಂಡು ಮನೆಯ ಗಾಳಿ ಹಾಯುತ್ತದೆ, 50–60 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯುತ್ತದೆ, ಸಪ್ಲೈ ಡಕ್ಟುಗಳಲ್ಲಿ ಹಂಚಿಹೋಗಿ ಕೋಣೆಕೋಣೆಯ ಜಾಲರಿಯಿಂದ ಹೊರಬೀಳುತ್ತದೆ. ಕೋಣೆಯಲ್ಲಿ ಸುತ್ತಾಡಿ ತಣಿದ ಅದೇ ಗಾಳಿಯನ್ನು ಇನ್ನೊಂದು ಜಾಲರಿ ಒಳಗೆಳೆದುಕೊಳ್ಳುತ್ತದೆ. ಅಲ್ಲಿಂದ ಫರ್ನೇಸಿನ ಫ್ಯಾನಿನವರೆಗಿನ ದಾರಿಯೇ ರಿಟರ್ನ್ ಡಕ್ಟ್. ಗಾಳಿ ಶೋಧಿಸುವ ಫಿಲ್ಟರ್ ಕೂರುವುದೂ ಈ ದಾರಿಯಲ್ಲೇ. ಅಮೆರಿಕದ ಅರ್ಧಕ್ಕೂ ಹೆಚ್ಚು ಮನೆಗಳು ಹೀಗೆ ಫರ್ನೇಸಿನ ಬಿಸಿಗಾಳಿಯಿಂದಲೇ ಚಳಿಗಾಲ ಕಳೆಯುತ್ತವೆ. ಕೆನಡಾದಲ್ಲೂ ಇದು ಸರ್ವೇಸಾಮಾನ್ಯ.

ಕಟ್ಟುವವರು ಈ ಎರಡು ಡಕ್ಟುಗಳನ್ನು ಒಂದೇ ಕಣ್ಣಿನಿಂದ ನೋಡಲಿಲ್ಲ. ಬಿಸಿಗಾಳಿಯ ಡಕ್ಟಿಗೆ ಒಳ್ಳೆಯ ತಗಡು, ಹೊದಿಕೆ, ಅಚ್ಚುಕಟ್ಟಾದ ಜೋಡಣೆ. ರಿಟರ್ನ್ ಡಕ್ಟಿಗೆ ಮಾತ್ರ ಮಲತಾಯಿ ಧೋರಣೆ. ಅದಕ್ಕೊಂದು ಕಾರಣವೂ ಇತ್ತು: ವಾಪಸ್ ಬರುವ ಗಾಳಿ 20 ಡಿಗ್ರಿಯ ಆಸುಪಾಸಿನದು. ಅದರಿಂದ ಮರಕ್ಕೆ ಬೆಂಕಿ ಹತ್ತುವ ಭಯವಿಲ್ಲ, ಹೇಗೂ ತಣಿದ ಗಾಳಿಯಾದ್ದರಿಂದ ಶಾಖ ಸೋರಿತೆಂಬ ಚಿಂತೆಯೂ ಇಲ್ಲ. ಹಾಗಿದ್ದಮೇಲೆ ಗೋಡೆಯೊಳಗಿನ ಪೊಳ್ಳನ್ನೇ ಡಕ್ಟ್ ಮಾಡಿಕೊಂಡರೇನು, ಜಂತೆಗಳ ಸಂದಿಗೊಂದು ತಗಡು ಹೊಡೆದರೆ ಸಾಲದೇ ಎಂದು ಯೋಚಿಸಿದರು. ತಗಡಿನ ಖರ್ಚು ಉಳಿಯಿತು, ಕೂಲಿಯೂ ಉಳಿಯಿತು.

ಈ ಲೆಕ್ಕದಲ್ಲಿ ಬಿಟ್ಟುಹೋದದ್ದು ಒತ್ತಡ. ಫ್ಯಾನು ಸಪ್ಲೈ ಡಕ್ಟಿಗೆ ಗಾಳಿಯನ್ನು ತಳ್ಳುತ್ತದೆ. ಅಲ್ಲಿ ತೂತಿದ್ದರೆ ಗಾಳಿ ಹೊರಕ್ಕೆ ಸೋರುತ್ತದೆ. ರಿಟರ್ನ್ ಡಕ್ಟಿನಿಂದ ಅದು ಗಾಳಿಯನ್ನು ಹೀರುತ್ತದೆ. ಅಲ್ಲಿ ತೂತಿದ್ದರೆ ಸುತ್ತಮುತ್ತ ಏನಿದೆಯೋ ಅದೆಲ್ಲ ಒಳಕ್ಕೆ ಬರುತ್ತದೆ. ಮೊದಲನೆಯದು ದುಡ್ಡಿನ ನಷ್ಟ. ಎರಡನೆಯದು ದುಡ್ಡಿನ ಜೊತೆಗೆ ಆರೋಗ್ಯದ ನಷ್ಟ. ಹಾಗಾಗಿ ಹೆಚ್ಚು ಬಿಗಿಯಾಗಿರಬೇಕಾದದ್ದು ರಿಟರ್ನ್ ಡಕ್ಟೇ ಎಂಬುದು ನನ್ನ ಖಚಿತ ಅಭಿಪ್ರಾಯ. ನಡೆದುಬಂದಿರುವುದು ಇದಕ್ಕೆ ತೀರಾ ವಿರುದ್ಧ.

ಫ್ಯಾನ್ ಇಲ್ಲದ ಕಾಲದ ಅಭ್ಯಾಸ

ಈ ಅಭ್ಯಾಸ ಎಲ್ಲಿಂದ ಬಂತೆಂದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಹಿಂದೆ ಹೋಗಬೇಕು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಮನೆಗಳ ನೆಲಮಾಳಿಗೆಗೆ ಕಲ್ಲಿದ್ದಲಿನ ಫರ್ನೇಸುಗಳು ಬಂದವು. ಅಯೋವಾ ರಾಜ್ಯದ ಮಾರ್ಷಲ್‌ಟೌನಿನಲ್ಲಿ ಡೇವ್ ಲೆನಾಕ್ಸ್ 1895ರಲ್ಲಿ ರಿವೆಟ್ ಹೊಡೆದ ಉಕ್ಕಿನ ಫರ್ನೇಸುಗಳನ್ನು ತಯಾರಿಸಿ ಮಾರಲು ಶುರುಮಾಡಿದರು. ಮಿಶಿಗನ್ನಿನ ಹಾಲೆಂಡ್ ಪಟ್ಟಣದಲ್ಲಿ 1906ರಲ್ಲಿ ಹುಟ್ಟಿದ ಹಾಲೆಂಡ್ ಫರ್ನೇಸ್ ಕಂಪನಿ ಮುಂದೆ ದೇಶದ ಉದ್ದಗಲಕ್ಕೂ ಮನೆಮಾತಾಯಿತು. ಈ ಫರ್ನೇಸುಗಳಿಗೆ ಫ್ಯಾನೇ ಇರಲಿಲ್ಲ. ಬಿಸಿಗಾಳಿ ಹಗುರ, ಮೇಲೇರುತ್ತದೆ. ತಣ್ಣನೆಯ ಗಾಳಿ ಭಾರ, ಕೆಳಗಿಳಿಯುತ್ತದೆ. ಇಷ್ಟರ ಮೇಲೆಯೇ ಇಡೀ ಮನೆ ಬೆಚ್ಚಗಾಗುತ್ತಿತ್ತು. ನಡುವಿನ ದೊಡ್ಡ ಫರ್ನೇಸಿನಿಂದ ದಪ್ಪ ದುಂಡನೆಯ ಕೊಳವೆಗಳು ನಾಲ್ಕೂ ದಿಕ್ಕಿಗೆ ಏರಿಹೋಗುತ್ತಿದ್ದುದರಿಂದ ಜನ ಅದಕ್ಕೆ ‘ಆಕ್ಟೋಪಸ್’ ಎಂದೇ ಹೆಸರಿಟ್ಟರು.

ತಣ್ಣನೆಯ ಗಾಳಿ ಇಳಿಯಲು ನೆಲದಲ್ಲಿ ಅಗಲವಾದ ಜಾಲರಿಗಳಿರುತ್ತಿದ್ದವು, ಅವುಗಳ ಕೆಳಗೆ ಮರದ ಪೆಟ್ಟಿಗೆಯಂಥ ದಾರಿಗಳು, ಇಲ್ಲವೇ ತಗಡು ಹೊಡೆದ ಜಂತೆಯ ಸಂದುಗಳು. ಗಾಳಿ ತನ್ನ ತೂಕದಿಂದಷ್ಟೇ ಜಾರಿ ಬರುತ್ತಿತ್ತು. ಹೀರುವ ಒತ್ತಡ ಇದ್ದೂ ಇಲ್ಲದಂತೆ. ಸಂದಿನಲ್ಲಿ ತೂತಿದ್ದರೂ ದೊಡ್ಡ ಹಾನಿಯಿರಲಿಲ್ಲ. ಅಂದಿನ ಬಡಗಿಗಳು ಮಾಡಿದ್ದು ಅಂದಿನ ಯಂತ್ರಕ್ಕೆ ಸರಿಯಾಗಿಯೇ ಇತ್ತು.

ಗ್ಯಾಸಿನ ಫರ್ನೇಸಿನ ಕಥೆಯಲ್ಲಿ ನೆನೆಯಲೇಬೇಕಾದ ಹೆಸರು ಆಲಿಸ್ ಪಾರ್ಕರ್ ಅವರದು. ನ್ಯೂಜೆರ್ಸಿಯ ಮಾರಿಸ್‌ಟೌನಿನ ಈ ಕಪ್ಪು ಮಹಿಳೆಗೆ 1919ರ ಡಿಸೆಂಬರಿನಲ್ಲಿ ಪೇಟೆಂಟ್ ದೊರೆಯಿತು. ಗ್ಯಾಸ್ ಉರಿಸಿ ಗಾಳಿ ಕಾಯಿಸಿ, ಡಕ್ಟುಗಳ ಮೂಲಕ ಬೇರೆಬೇರೆ ಕೋಣೆಗೆ ಬೇಕಾದಷ್ಟು ಕಳಿಸುವ ಕಲ್ಪನೆ ಅದರಲ್ಲಿತ್ತು. ಹೆಣ್ಣುಮಕ್ಕಳಿಗೆ ಇನ್ನೂ ದೇಶದಾದ್ಯಂತ ಮತದ ಹಕ್ಕಿಲ್ಲದ ಹೊತ್ತು ಅದು. ಅವರ ಬದುಕಿನ ವಿವರಗಳು ಉಳಿದುಬಂದದ್ದು ತೀರಾ ಕಡಿಮೆ ಎಂಬುದು ಬೇಸರದ ಸಂಗತಿ.

1930ರ ದಶಕದಿಂದ ಮುಂದೆ ವಿದ್ಯುತ್ ಫ್ಯಾನ್ ಬಂತು. ಫರ್ನೇಸ್ ಚಿಕ್ಕದಾಯಿತು, ಡಕ್ಟುಗಳು ಸಪೂರವಾದವು, ಗಾಳಿ ಜೋರಾಗಿ ಓಡತೊಡಗಿತು. ರಿಟರ್ನ್ ಡಕ್ಟಿನೊಳಗೆ 25ರಿಂದ 60 ಪ್ಯಾಸ್ಕಲ್‌ವರೆಗಿನ ಹೀರುವಿಕೆ ಮಾಮೂಲಾಯಿತು. ಯಂತ್ರ ಬದಲಾಯಿತು, ಜಂತೆಗೆ ತಗಡು ಹೊಡೆಯುವ ಪದ್ಧತಿ ಮಾತ್ರ ಹಾಗೇ ಉಳಿಯಿತು. ಯುದ್ಧಾನಂತರ ಸಾಲುಸಾಲಾಗಿ ಎದ್ದ ಬಡಾವಣೆಗಳಲ್ಲೂ, ಆಮೇಲಿನ ದಶಕಗಳ ಮನೆಗಳಲ್ಲೂ ಅದೇ ಜಂತೆ, ಅದೇ ತಗಡು. ಇಂದಿನ ತೊಂದರೆಯ ಮೂಲ ಇದೇ.

ಆ ಕಾಲ ಬಿಟ್ಟುಹೋದ ಇನ್ನೊಂದು ಅಪಾಯ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಹಳೆಯ ಡಕ್ಟುಗಳ ಕೀಲುಗಳಿಗೆ ಸುತ್ತಿದ ಬೂದು ಬಿಳಿ ಕಾಗದದ ಪಟ್ಟಿ, ಕೊಳವೆಯ ಮೈಗೆ ಹೊದಿಸಿದ ಸುಕ್ಕುಸುಕ್ಕಾದ ರಟ್ಟಿನಂಥ ಹಾಳೆ ಹೆಚ್ಚಾಗಿ ಕಲ್ನಾರಿನವೇ. 1970ರ ದಶಕದವರೆಗೂ ಇದರ ಬಳಕೆಯಿತ್ತು. ಮುಟ್ಟದೆ ಬಿಟ್ಟರೆ ಅದು ಸುಮ್ಮನಿರುತ್ತದೆ. ಕಿತ್ತರೆ, ಕೆರೆದರೆ, ಗರಗಸ ಆಡಿಸಿದರೆ ಕಣ್ಣಿಗೆ ಕಾಣದ ನಾರುಗಳು ಗಾಳಿಗೆ ಸೇರಿ ಶ್ವಾಸಕೋಶದಲ್ಲಿ ನಾಟಿಕೊಳ್ಳುತ್ತವೆ. ರಿಟರ್ನ್ ಡಕ್ಟಿನ ಹತ್ತಿರ ಹಾಗೆ ಮಾಡಿದರಂತೂ ಫ್ಯಾನೇ ಅದನ್ನು ಮನೆಯ ಎಲ್ಲ ಕೋಣೆಗೂ ಹಂಚುತ್ತದೆ. ಹಳೆಯ ಮನೆಯಲ್ಲಿ ಇಂಥ ಪಟ್ಟಿ ಕಂಡರೆ ಕೈ ಹಾಕದೆ, ಮಾದರಿಯನ್ನು ಪರೀಕ್ಷಿಸುವ ಪರವಾನಗಿ ಇರುವವರನ್ನು ಕರೆಸುವುದೊಂದೇ ಸರಿಯಾದ ದಾರಿ.

ತಗಡಿಗೆ ಸಾಟಿ ಇದೆಯೇ

ಇಂದು ರಿಟರ್ನ್ ಡಕ್ಟ್ ಕಟ್ಟುವವರ ಮುಂದೆ ಹಲವು ಸಾಮಗ್ರಿಗಳಿವೆ. ಅವುಗಳಲ್ಲಿ ಹಿರಿಯಣ್ಣ ಸತುವಿನ ಲೇಪವಿರುವ ಉಕ್ಕಿನ ತಗಡು. ನಮ್ಮ ಬೆಂಗಳೂರಿನ ಮಾಲು, ಆಸ್ಪತ್ರೆ, ಐಟಿ ಕಚೇರಿಗಳ ಎಸಿ ಡಕ್ಟುಗಳನ್ನು ಮಾಡುವುದೂ ಇದೇ ಜಿಐ ಶೀಟಿನಿಂದ. ಮನೆಗಳಿಗೆ ಬಳಸುವುದು ಸಾಮಾನ್ಯವಾಗಿ 30, 28 ಅಥವಾ 26 ಗೇಜಿನದು. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. 28 ಗೇಜ್ ಎಂದರೆ ಅರ್ಧ ಮಿಲಿಮೀಟರಿಗೂ ತುಸು ಕಡಿಮೆ ದಪ್ಪ.

ಕೈ ಪಳಗಿದ ತಗಡು ಕೆಲಸದವರು ಡಕ್ಟ್ ಮಾಡುವುದನ್ನು ನೋಡುವುದೇ ಒಂದು ಪಾಠ. ತಗಡಿನ ಮೇಲೆ ಮೊನಚು ಕಡ್ಡಿಯಿಂದ ಗೀರು ಎಳೆಯುತ್ತಾರೆ, ಕತ್ತರಿಯಿಂದ ಮೂಲೆಗಳನ್ನು ಕಚ್ಚು ಹಾಕುತ್ತಾರೆ, ಬಾಗಿಸುವ ಯಂತ್ರದಲ್ಲಿಟ್ಟು ಹಿಡಿ ಎತ್ತಿದರೆ ಒಂದೇ ಏಟಿಗೆ ತೊಂಬತ್ತು ಡಿಗ್ರಿ ಮಡಿಕೆ. ದೊಡ್ಡ ಅಗಲದ ಮೈಗೆ ಮೂಲೆಯಿಂದ ಮೂಲೆಗೆ ಅಡ್ಡ ಗೆರೆಯ ಸಣ್ಣ ಮಡಿಕೆ ಕೊಡುತ್ತಾರೆ. ಇಲ್ಲದಿದ್ದರೆ ಫ್ಯಾನ್ ಶುರುವಾದಾಗಲೆಲ್ಲ ತಗಡು ಒಳಕ್ಕೆ ಜಗ್ಗಿ ‘ಡಬ್’ ಎಂದು ಸದ್ದು ಮಾಡುತ್ತದೆ. ಎರಡು ತುಂಡುಗಳನ್ನು ಕೂಡಿಸಲು ಎದುರುಬದುರಿನ ಎರಡು ಅಂಚಿಗೆ ಎಸ್ ಆಕಾರದ ಪಟ್ಟಿ, ಉಳಿದೆರಡಕ್ಕೆ ಸುತ್ತಿಗೆಯಿಂದ ಹೊಡೆದು ಜಾರಿಸುವ ಇನ್ನೊಂದು ಪಟ್ಟಿ. ಕೊನೆಗೆ ಪಟ್ಟಿಯ ತುದಿಯನ್ನು ಮಡಚಿ ತಟ್ಟಿದರೆ ಕೆಲಸ ಮುಗಿಯಿತು. ಈ ಸುತ್ತಿಗೆಯ ಸದ್ದಿನಿಂದಲೇ ಅಲ್ಲಿ ಇವರಿಗೆ ‘ಟಿನ್ ನಾಕರ್’ ಎಂಬ ಅಡ್ಡಹೆಸರು. ಇವರ ಕೆಲಸಕ್ಕೆ ಅಳತೆ, ದಪ್ಪ, ಜೋಡಣೆಯ ಮಾನದಂಡಗಳನ್ನು ಬರೆದಿಟ್ಟಿರುವ ಸ್ಮಾಕ್ನಾ ಎಂಬ ಗುತ್ತಿಗೆದಾರರ ಸಂಘ 1943ರಷ್ಟು ಹಳೆಯದು.

ತಗಡು ಉರಿಯುವುದಿಲ್ಲ, ನೀರು ಹೀರುವುದಿಲ್ಲ, ಇಲಿ ಕಡಿಯುವುದಿಲ್ಲ. ಒಳಮೈ ನುಣುಪಾಗಿರುವುದರಿಂದ ಗಾಳಿಗೆ ತಡೆಯಿಲ್ಲ, ಧೂಳು ಕೂತರೂ ಗುಡಿಸಿ ತೆಗೆಯಬಹುದು. ಐವತ್ತು ವರ್ಷ ಕಳೆದರೂ ಆಕಾರ ಕೆಡುವುದಿಲ್ಲ. ಕೊರತೆಗಳು ಎರಡೇ. ಫ್ಯಾನಿನ ಸದ್ದನ್ನು ಅದು ಕೋಣೆಯವರೆಗೂ ಹೊತ್ತು ತರುತ್ತದೆ. ಇನ್ನೊಂದು, ಪಟ್ಟಿ ಹೊಡೆದ ಮಾತ್ರಕ್ಕೆ ಕೀಲು ಗಾಳಿಬಿಗಿ ಆಗುವುದಿಲ್ಲ. ಪ್ರತಿ ಜೋಡಣೆಗೂ ಲೇಪ ಬೇಕು. ಅದರ ಮಾತು ಮುಂದೆ ಬರುತ್ತದೆ.

ಗಾಜಿನ ನಾರಿನ ಹಲಗೆ, ಅಲ್ಲಿನವರು ಡಕ್ಟ್ ಬೋರ್ಡ್ ಎನ್ನುವುದು, ತಗಡಿನ ಸದ್ದಿಗೆ ಉತ್ತರವೆಂಬಂತೆ ಬಂದದ್ದು. ಸುಮಾರು ಒಂದು ಇಂಚು ದಪ್ಪದ, ಒತ್ತಿ ಗಟ್ಟಿಮಾಡಿದ ಗಾಜಿನ ನಾರು. ಹೊರಮೈಗೆ ಅಲ್ಯೂಮಿನಿಯಂ ಹಾಳೆ. ವಿಶೇಷ ಚಾಕುವಿನಿಂದ ವಿ ಆಕಾರದ ತೋಡು ಕೊರೆದು ಮಡಚಿದರೆ ನಾಲ್ಕು ಗೋಡೆಯ ಪೆಟ್ಟಿಗೆ ಸಿದ್ಧ. ಸದ್ದು ನುಂಗುತ್ತದೆ, ಶಾಖ ಕಾಯುತ್ತದೆ, ಹಗುರವಾಗಿದೆ. ತಗಡಿಗೆ ಬೇರೆ ಹೊದಿಕೆ ಸುತ್ತುವ ಕೆಲಸ ತಪ್ಪುತ್ತದೆ. ಒಣಗಿದ ಜಾಗದಲ್ಲಿ, ಒಳ್ಳೆಯ ಫಿಲ್ಟರಿನ ಹಿಂದೆ, ಅದು ನಂಬಬಹುದಾದ ವಸ್ತುವೇ. ಆದರೆ ಒಮ್ಮೆ ನೀರು ಹೀರಿದರೆ ಒಣಗಿಸುವುದು ಕಷ್ಟ, ಅದರಲ್ಲಿ ಬೂಷ್ಟು ಹಿಡಿದರೆ ತೊಳೆಯಲು ಬರುವುದಿಲ್ಲ, ಕಿತ್ತು ಎಸೆಯಬೇಕು. ನೆಲಮಾಳಿಗೆಗೆ ನೀರು ನುಗ್ಗುವ ಊರುಗಳಲ್ಲಿ ಇದನ್ನು ನೆಲಮಟ್ಟದಲ್ಲಿ ಬಳಸುವುದು ಜಾಣತನವಲ್ಲ.

ತಂತಿಯ ಸುರುಳಿಗೆ ಪ್ಲಾಸ್ಟಿಕ್ ಹಾಳೆ ತೊಡಿಸಿ, ಮೇಲೆ ಗಾಜಿನ ಉಣ್ಣೆ ಹೊದಿಸಿದ ಫ್ಲೆಕ್ಸ್ ಡಕ್ಟ್ ಎಲ್ಲಕ್ಕಿಂತ ಅಗ್ಗ. ಬೇಕಾದ ಕಡೆ ಬಗ್ಗುತ್ತದೆ, ಇಬ್ಬರು ಸೇರಿ ಒಂದು ಹಗಲಲ್ಲಿ ಅಟ್ಟದ ತುಂಬ ಎಳೆದುಬಿಡಬಹುದು. ಈ ಅನುಕೂಲವೇ ಅದರ ಶತ್ರು. ಪೂರ್ತಿ ಎಳೆದು ಬಿಗಿಯಾಗಿ ಹಾಕಿದರೆ ಸರಿ. ಉಳಿದ ಉದ್ದವನ್ನು ಕತ್ತರಿಸದೆ ಹಾಗೇ ಬಿಟ್ಟರೆ ಒಳಗೆ ನೆರಿಗೆ ಕಟ್ಟಿ ಗಾಳಿಯ ತಡೆ ಹಲವು ಪಟ್ಟು ಏರುತ್ತದೆ. ರಿಟರ್ನ್ ಬದಿಯಲ್ಲಿ ಫ್ಯಾನ್ ಹೀರುವುದರಿಂದ ಕಳಪೆ ಕೊಳವೆ ಒಳಕ್ಕೆ ಕುಸಿಯುವುದೂ ಉಂಟು. ಚಿಕ್ಕ ನೇರ ತುಂಡುಗಳಿಗೆ ಮಾತ್ರ ಇದನ್ನು ಬಳಸಿ, ಮುಖ್ಯ ದಾರಿಯನ್ನು ತಗಡಿನಲ್ಲೇ ಮಾಡಿಸುವುದು ಮೇಲು.

ಡಕ್ಟ್ ಬೋರ್ಡ್, ಫ್ಲೆಕ್ಸ್ ಎರಡಕ್ಕೂ ಯುಎಲ್ 181 ಎಂಬ ಪರೀಕ್ಷೆಯ ಗುರುತು ಇರಬೇಕು. ಉರಿ ಎಷ್ಟು ಹಬ್ಬುತ್ತದೆ, ಹೊಗೆ ಎಷ್ಟು ಏಳುತ್ತದೆ ಎಂದು ಅಳೆದು ಕೊಡುವ ಗುರುತು ಅದು. ಆ ಅಚ್ಚಿಲ್ಲದ ಸಾಮಗ್ರಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಮನೆಯೊಳಗೆ ತರಬಾರದು.

ಜಿಪ್ಸಮ್ ಹಲಗೆಯಿಂದ ರಿಟರ್ನ್ ದಾರಿ ಕಟ್ಟಲು ಅಲ್ಲಿನ ಯಾಂತ್ರಿಕ ಸಂಹಿತೆ ಅವಕಾಶ ಕೊಟ್ಟಿದೆ, ಷರತ್ತಿನ ಮೇಲೆ: ಗಾಳಿ 52 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಹಲಗೆಯ ಮೇಲೆ ಇಬ್ಬನಿ ಕಟ್ಟುವಷ್ಟು ತಂಪೂ ಆಗಬಾರದು. ಬಿಸಿಗಾಳಿಯ ಸಪ್ಲೈಗೆ ಇದು ನಿಷಿದ್ಧ. ಕೆನಡಾದ ರಾಷ್ಟ್ರೀಯ ಕಟ್ಟಡ ಸಂಹಿತೆಯ ವಿವೇಕ ನನಗೆ ಇನ್ನೂ ಮೆಚ್ಚುಗೆಯಾದದ್ದು. ಫರ್ನೇಸಿನ ಕಾವು ನೇರವಾಗಿ ತಾಗುವ ರಿಟರ್ನ್ ಡಕ್ಟು ಫರ್ನೇಸಿನ ಕವಚದಿಂದ 600 ಮಿಲಿಮೀಟರಿನೊಳಗೆ ಉರಿಯದ ವಸ್ತುವಿನದೇ ಆಗಿರಬೇಕು. ಸೌದೆ, ಕಲ್ಲಿದ್ದಲು ಉರಿಸುವ ಫರ್ನೇಸಾದರೆ ಇಡೀ ರಿಟರ್ನ್ ಡಕ್ಟೇ ಉರಿಯದ ವಸ್ತುವಿನದಾಗಬೇಕು. ವಿದ್ಯುತ್ ಹೋಗಿ ಫ್ಯಾನ್ ನಿಂತಾಗ ಗ್ಯಾಸನ್ನು ತಟ್ಟನೆ ನಿಲ್ಲಿಸಬಹುದು. ಉರಿಯುವ ಸೌದೆಯನ್ನು ಹಾಗೆ ನಿಲ್ಲಿಸಲಾಗದು. ಆಗ ಕಾವು ಹಿಮ್ಮುಖವಾಗಿ ರಿಟರ್ನ್ ದಾರಿಗೇ ಬರುತ್ತದೆ.

ಪೊಳ್ಳು ಗೋಡೆಯ ಲೆಕ್ಕ

ಗೋಡೆಯ ಪೊಳ್ಳನ್ನು ಡಕ್ಟಾಗಿ ಬಳಸುವುದರಲ್ಲಿ ಸೋರಿಕೆಯ ಜೊತೆಗೆ ಇನ್ನೊಂದು ತೊಂದರೆಯಿದೆ, ಅಳತೆಯದು. ಮರದ ಗೋಡೆಯ ಎರಡು ಕಂಬಗಳ ನಡುವಿನ ಅಗಲ ಹದಿನಾಲ್ಕೂವರೆ ಇಂಚು, ಆಳ ಮೂರೂವರೆ ಇಂಚು. ಗುಣಿಸಿದರೆ ಸುಮಾರು 50 ಚದರ ಇಂಚು. ಗದ್ದಲವಿಲ್ಲದೆ ನಿಮಿಷಕ್ಕೆ 600 ಅಡಿ ವೇಗದಲ್ಲಿ ಗಾಳಿ ಹೋಗಬೇಕೆಂದರೆ ಅಂಥ ಒಂದು ಪೊಳ್ಳಿನಲ್ಲಿ ಹಾಯುವುದು ನಿಮಿಷಕ್ಕೆ 200 ಘನ ಅಡಿಯಷ್ಟೇ. ಬೇಸಿಗೆಗೆ 3 ಟನ್ ಎಸಿಯನ್ನೂ ಅದೇ ಡಕ್ಟಿಗೆ ಜೋಡಿಸಿದ ಮನೆಗೆ ಬೇಕಾದದ್ದು ಸುಮಾರು 1200 ಘನ ಅಡಿ. ಅಂದರೆ ಕನಿಷ್ಠ ಆರು ಪೊಳ್ಳು ಬೇಕು. ಒಳಗೆ ಚಾಚಿದ ಮೊಳೆ, ತಂತಿ, ಒರಟು ಮರ ಎಲ್ಲ ಸೇರಿ ತಡೆಯೊಡ್ಡುವುದರಿಂದ ಆರೂ ಸಾಲದು. ಬಹುಪಾಲು ಹಳೆಯ ಮನೆಗಳಲ್ಲಿ ಇರುವುದು ಎರಡೋ ಮೂರೋ.

ದಾರಿ ಸಾಲದಾದಾಗ ಫ್ಯಾನ್ ಇನ್ನಷ್ಟು ಬಲವಾಗಿ ಹೀರುತ್ತದೆ. ಹೀರುವಿಕೆ ಹೆಚ್ಚಾದಷ್ಟೂ ಸಂದುಗಳಿಂದ ಬರುವ ಅನ್ಯಗಾಳಿ ಹೆಚ್ಚು. ಇಕ್ಕಟ್ಟು ಮತ್ತು ಸೋರಿಕೆ ಒಂದನ್ನೊಂದು ಬೆಳೆಸುತ್ತವೆ. ದುಬಾರಿ ಫರ್ನೇಸ್ ಹಾಕಿಸಿ ಹಳೆಯ ರಿಟರ್ನನ್ನೇ ಉಳಿಸಿಕೊಂಡವರಿಗೆ ಮೇಲಿನ ಮಹಡಿ ಬೆಚ್ಚಗಾಗುವುದಿಲ್ಲ ಎಂಬ ದೂರು ತಪ್ಪದಿರುವುದು ಇದರಿಂದಲೇ.

ದುಡ್ಡಿನ ಲೆಕ್ಕವನ್ನೂ ನೋಡಿ. ರಿಟರ್ನ್ ಡಕ್ಟ್ ತಣ್ಣನೆಯ ಅಟ್ಟದಲ್ಲಿ ಹಾದು ಬರುತ್ತಿದೆ, ಅಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗಿದೆ, ಮನೆಯೊಳಗೆ 20 ಡಿಗ್ರಿ ಎಂದಿಟ್ಟುಕೊಳ್ಳಿ. ನೂರರಲ್ಲಿ ಹತ್ತು ಪಾಲು ಗಾಳಿ ಅಟ್ಟದಿಂದ ಸೇರಿಕೊಂಡರೆ ಫರ್ನೇಸಿಗೆ ತಲುಪುವ ಗಾಳಿ 17 ಡಿಗ್ರಿಗೆ ಇಳಿಯುತ್ತದೆ. ಫರ್ನೇಸ್ ಓಡುವಷ್ಟು ಹೊತ್ತೂ ಈ ಮೂರು ಡಿಗ್ರಿಯ ದಂಡ ತೆರಬೇಕು. ಸಾಮಾನ್ಯ ಮನೆಯ ಡಕ್ಟುಗಳಲ್ಲಿ ಓಡಾಡುವ ಗಾಳಿಯ ಶೇ 20ರಿಂದ 30ರಷ್ಟು ಸೋರಿಕೆ, ತೂತು, ಸಡಿಲ ಜೋಡಣೆಯಿಂದ ನಷ್ಟವಾಗುತ್ತದೆಂದು ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮವೇ ಹೇಳುತ್ತದೆ.

ಜೀವಕ್ಕೆ ಸಂಬಂಧಿಸಿದ್ದು ಇನ್ನೂ ಗಂಭೀರ. ನೆಲಮಾಳಿಗೆಯಲ್ಲಿ ಫರ್ನೇಸಿನ ಪಕ್ಕದಲ್ಲೇ ಗ್ಯಾಸಿನ ನೀರಿನ ಹಂಡೆ ಇರುತ್ತದೆ. ಹಳೆಯ ಮಾದರಿಯ ಹಂಡೆಯ ಹೊಗೆ ಫ್ಯಾನಿನ ನೆರವಿಲ್ಲದೆ, ತನ್ನ ಬಿಸಿಯಿಂದಷ್ಟೇ ಚಿಮಣಿ ಏರುತ್ತದೆ. ಆ ಏರುವಿಕೆ ಬಹಳ ನಾಜೂಕು. ಕೋಣೆಯ ಒತ್ತಡ ಹೊರಗಿಗಿಂತ ಬರೀ 5 ಪ್ಯಾಸ್ಕಲ್ ಕಡಿಮೆಯಾದರೂ ಹೊಗೆ ಮೇಲೇರುವ ಬದಲು ಕೆಳಗೆ ಕೋಣೆಗೆ ಸುರಿಯಬಹುದು. ರಿಟರ್ನ್ ಡಕ್ಟಿನೊಳಗಿನ ಹೀರುವಿಕೆ ಅದರ ಐದು ಹತ್ತು ಪಟ್ಟು. ಬಾಗಿಲು ಮುಚ್ಚಿದ ಪುಟ್ಟ ಫರ್ನೇಸ್ ಕೋಣೆಯಲ್ಲಿ ರಿಟರ್ನ್ ಡಕ್ಟು ಜಾಳುಜಾಳಾಗಿದ್ದರೆ ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಚಿಮಣಿಯ ಹೊಗೆಯನ್ನು ಕೆಳಗಿಳಿಸಿ, ಕಾರ್ಬನ್ ಮೊನಾಕ್ಸೈಡನ್ನು ಮನೆಗೆಲ್ಲ ಹಂಚಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉರಿಯೊಲೆ ಅಥವಾ ಹೊಗೆಗೂಡಿನಿಂದ 10 ಅಡಿಯೊಳಗೆ ರಿಟರ್ನ್ ಗಾಳಿ ತೆಗೆದುಕೊಳ್ಳಬಾರದೆಂಬ ನಿಯಮ ಹುಟ್ಟಿದ್ದು ಇದಕ್ಕೇ. ಗ್ಯಾರೇಜು, ಬಚ್ಚಲು, ಶೌಚಾಲಯದಿಂದಲೂ ತೆಗೆಯುವಂತಿಲ್ಲ. ನಿಯಮ ಜಾಲರಿಯ ಜಾಗಕ್ಕೆ ಇದೆ. ಬಿರುಕು ಬಿಟ್ಟ ಡಕ್ಟು ಆ ನಿಯಮವನ್ನು ಕಳ್ಳದಾರಿಯಿಂದ ಮುರಿಯುತ್ತದೆ. ರೇಡಾನಿನ ಮಾತೂ ಅಷ್ಟೆ. ಮಣ್ಣಿನಿಂದ ನೆಲಮಾಳಿಗೆಗೆ ಏರುವ ಈ ವಿಕಿರಣ ಅನಿಲದಿಂದ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಜನ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುತ್ತಾರೆಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು.

ಅಂಟುಪಟ್ಟಿಯ ಭ್ರಮೆ

ಸಾಮಗ್ರಿ ಯಾವುದೇ ಇರಲಿ, ಕೊನೆಯಲ್ಲಿ ಗೆಲ್ಲುವುದು ಸೋಲುವುದು ಕೀಲುಗಳಲ್ಲಿ. ಇಲ್ಲಿ ಬಹುಕಾಲ ನಡೆದ ಒಂದು ದೊಡ್ಡ ತಪ್ಪುಕಲ್ಪನೆಯೆಂದರೆ ಬಟ್ಟೆಯ ಬೆನ್ನಿನ ಬೆಳ್ಳಿ ಬಣ್ಣದ ಡಕ್ಟ್ ಟೇಪ್. ಅದರ ಮೂಲ ಯುದ್ಧದ್ದು. ಇಲಿನಾಯ್‌ನ ಮದ್ದುಗುಂಡು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ವೆಸ್ಟಾ ಸ್ಟೌಟ್ ಎಂಬ ತಾಯಿಯ ಇಬ್ಬರು ಮಕ್ಕಳು ನೌಕಾಪಡೆಯಲ್ಲಿದ್ದರು. ಗುಂಡಿನ ಪೆಟ್ಟಿಗೆಗಳ ಕಾಗದದ ಪಟ್ಟಿ ಹರಿದುಹೋಗಿ ಸೈನಿಕರಿಗೆ ಬೇಗ ಬಿಚ್ಚಲಾಗುತ್ತಿಲ್ಲ, ಬಟ್ಟೆಯ ಅಂಟುಪಟ್ಟಿ ಬಳಸಿ ಎಂದು ಆಕೆ 1943ರಲ್ಲಿ ಅಧ್ಯಕ್ಷ ರೂಸ್ವೆಲ್ಟರಿಗೇ ಕಾಗದ ಬರೆದರು. ಸಲಹೆ ಜಾರಿಗೆ ಬಂತು, ಜಾನ್ಸನ್ ಅಂಡ್ ಜಾನ್ಸನ್ ತಯಾರಿಸಿತು. ಯುದ್ಧ ಮುಗಿದ ಮೇಲೆ ಅದೇ ಪಟ್ಟಿ ತಗಡಿನ ಬಣ್ಣ ತೊಟ್ಟು ಡಕ್ಟುಗಳ ಮೇಲೆ ಬಂದು ಕೂತಿತು.

ನೀರಿಗೆ ಜಗ್ಗದ ಪಟ್ಟಿ ಕಾವಿಗೆ ಜಗ್ಗಿತು. ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಮ್ಯಾಕ್ಸ್ ಶರ್ಮನ್ ಮತ್ತು ಇಯಾನ್ ವಾಕರ್ ಹಲವು ಬಗೆಯ ಅಂಟುಗಳನ್ನು ಡಕ್ಟಿನ ಕೀಲುಗಳಿಗೆ ಹಚ್ಚಿ, ಬಿಸಿ ತಂಪು ಗಾಳಿಯನ್ನು ಮತ್ತೆ ಮತ್ತೆ ಹಾಯಿಸಿ ಪರೀಕ್ಷಿಸಿದರು. 1998ರಲ್ಲಿ ಹೊರಬಂದ ಫಲಿತಾಂಶದಲ್ಲಿ ಹೀನಾಯವಾಗಿ ಸೋತದ್ದು ಡಕ್ಟ್ ಟೇಪೇ. ರಬ್ಬರಿನ ಅಂಟು ಒಣಗಿ, ಪಟ್ಟಿ ಸುರುಟಿಕೊಂಡು ಕಳಚಿಬಿದ್ದಿತ್ತು. ಗೆದ್ದದ್ದು ಮಾಸ್ಟಿಕ್. ಇಡ್ಲಿ ಹಿಟ್ಟಿನಷ್ಟು ಮಂದವಾದ, ನೀರಿನಲ್ಲಿ ಕಲಸಿದ ಈ ಲೇಪವನ್ನು ಕುಂಚದಿಂದಲೋ ಕೈಗವಸು ತೊಟ್ಟ ಕೈಯಿಂದಲೋ ಕೀಲಿನ ಮೇಲೆ ದಪ್ಪಗೆ ಬಳಿಯಬೇಕು. ಕಾಲು ಇಂಚಿಗಿಂತ ದೊಡ್ಡ ಸಂದಾದರೆ ಗಾಜಿನ ನಾರಿನ ಜಾಲರಿ ಪಟ್ಟಿ ಇಟ್ಟು ಅದರ ಮೇಲೆ ಬಳಿಯಬೇಕು. ಒಣಗಿದ ಮೇಲೆ ಅದು ರಬ್ಬರಿನಂತೆ ಹಿಡಿದುಕೊಳ್ಳುತ್ತದೆ. ಯುಎಲ್ 181 ಗುರುತಿನ ಅಲ್ಯೂಮಿನಿಯಂ ಪಟ್ಟಿಯೂ ಆದೀತು, ತಗಡನ್ನು ಮೊದಲು ಎಣ್ಣೆ ಧೂಳಿಲ್ಲದಂತೆ ಒರೆಸಿದ್ದರೆ. ಗೋಡೆಯೊಳಗೆ ಹುದುಗಿ ಕೈಗೆ ಸಿಗದ ಡಕ್ಟುಗಳಿಗಾಗಿ ಅದೇ ಪ್ರಯೋಗಾಲಯದ ಮಾರ್ಕ್ ಮೊಡೆರಾ 1990ರ ದಶಕದಲ್ಲಿ ಅಂಟಿನ ಸಣ್ಣ ಹನಿಗಳನ್ನು ಗಾಳಿಯಲ್ಲಿ ತೇಲಿಬಿಟ್ಟು ಒಳಗಿನಿಂದಲೇ ತೂತು ಮುಚ್ಚುವ ವಿಧಾನ ರೂಪಿಸಿದರು. ಅದು ಏರೋಸೀಲ್ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ.

ಫಿಲ್ಟರಿಗೂ ಫ್ಯಾನಿಗೂ ನಡುವಿನ ಗೇಣಷ್ಟು ಜಾಗವನ್ನು ಮೊದಲು ಮುಚ್ಚಬೇಕು. ಹೀರುವಿಕೆ ಅತಿ ಹೆಚ್ಚಿರುವುದು ಅಲ್ಲೇ. ಅಲ್ಲಿ ನುಗ್ಗಿದ ಧೂಳಿಗೆ ಶೋಧನೆಯೇ ಇಲ್ಲ. ನೇರ ಫ್ಯಾನಿಗೆ, ಎಸಿಯ ಸುರುಳಿಗೆ, ನಮ್ಮ ಮೂಗಿಗೆ. ಬಹಳ ಮನೆಗಳಲ್ಲಿ ಫಿಲ್ಟರ್ ತೂರಿಸುವ ಸೀಳಿಗೆ ಮುಚ್ಚಳವೇ ಇರುವುದಿಲ್ಲ.

ಕಾನೂನು ತಡವಾಗಿಯಾದರೂ ಎಚ್ಚೆತ್ತಿದೆ. ಅಂತರರಾಷ್ಟ್ರೀಯ ಇಂಧನ ಉಳಿತಾಯ ಸಂಹಿತೆಯ 2009ರ ಆವೃತ್ತಿ ಗೋಡೆ, ಜಂತೆಯ ಪೊಳ್ಳನ್ನು ಸಪ್ಲೈ ಡಕ್ಟಾಗಿ ಬಳಸಬಾರದೆಂದಿತು. 2012ರ ಆವೃತ್ತಿ ‘ಸಪ್ಲೈ’ ಎಂಬ ಕಟ್ಟನ್ನೂ ತೆಗೆದುಹಾಕಿತು: ಯಾವ ಡಕ್ಟಾಗಿಯೂ ಬಳಸಬಾರದು. ಆದರೆ ಅಮೆರಿಕದಲ್ಲಿ ಒಂದೊಂದು ರಾಜ್ಯವೂ ತನಗೆ ಬೇಕಾದ ಆವೃತ್ತಿಯನ್ನು ಬೇಕಾದ ತಿದ್ದುಪಡಿಯೊಂದಿಗೆ ಒಪ್ಪಿಕೊಳ್ಳುತ್ತದೆ. ಹಳೆಯ ಮನೆಗಳಿಗಂತೂ ಹೊಸ ನಿಯಮ ತಾನಾಗಿ ಅನ್ವಯಿಸುವುದಿಲ್ಲ. ಆ ಕೋಟ್ಯಂತರ ಮನೆಗಳ ಜವಾಬ್ದಾರಿ ಉಳಿಯುವುದು ಅಲ್ಲಿ ವಾಸಿಸುವವರ ಮೇಲೆಯೇ.

ಅವರಲ್ಲಿ ನಮ್ಮವರೂ ಬಹಳ. ಪಂಪ ಕನ್ನಡ ಕೂಟ ಇರುವ ಡೆಟ್ರಾಯಿಟ್ ಸುತ್ತಿನ ಟ್ರಾಯ್, ನೋವೈ, ಕ್ಯಾಂಟನ್, ವಿದ್ಯಾರಣ್ಯ ಕನ್ನಡ ಕೂಟದ ಶಿಕಾಗೊ, ಕೆನಡಾದ ಟೊರಾಂಟೊ: ಇಲ್ಲೆಲ್ಲ ಕನ್ನಡದ ಕುಟುಂಬಗಳು ಮನೆ ಕೊಂಡು ಗೃಹಪ್ರವೇಶ ಮಾಡಿವೆ. ಇಂಗು ಕರಿಬೇವಿನ ಒಗ್ಗರಣೆ ಹಾಕಿದ ಅರ್ಧ ಗಂಟೆಯಲ್ಲಿ ಮಹಡಿಯ ಹಾಸಿಗೆಯೂ ಸಾಸಿವೆ ವಾಸನೆ ಹೊಡೆಯುವುದನ್ನು ಅಲ್ಲಿನ ಗೃಹಿಣಿಯರು ಚೆನ್ನಾಗಿ ಬಲ್ಲರು. ಅಡುಗೆಮನೆ, ಹಜಾರ ಒಂದೇ ಆಗಿರುವ ಆ ಮನೆಗಳಲ್ಲಿ ಒಲೆಯ ಸಮೀಪದ ರಿಟರ್ನ್ ಜಾಲರಿಯೇ ಅದನ್ನು ಹೊತ್ತೊಯ್ಯುತ್ತದೆ. ಹೊರಗೆ ಗಾಳಿ ಬಿಡುವ ಚಿಮಣಿ ಫ್ಯಾನ್ ಹಾಕಿ ಒಗ್ಗರಣೆ ಮಾಡುವುದು ಒಳ್ಳೆಯ ಅಭ್ಯಾಸ. ಆದರೆ ಅದೂ ಮನೆಯ ಗಾಳಿಯನ್ನು ಹೊರಹಾಕಿ ಒತ್ತಡ ಇಳಿಸುತ್ತದೆಂಬುದು ನೆನಪಿರಲಿ. ಹಳೆಯ ಚಿಮಣಿಯ ಹಂಡೆ ಇರುವ ಮನೆಯಲ್ಲಿ ಫ್ಯಾನ್ ಹಾಕಿದಾಗ ಪಕ್ಕದ ಒಂದು ಕಿಟಕಿಯನ್ನು ತುಸು ತೆರೆದಿಡಬೇಕು.

ನಮ್ಮವರು ಮನೆ ಕೊಂಡ ಕೆಲವೇ ವರ್ಷಗಳಲ್ಲಿ ನೆಲಮಾಳಿಗೆಗೆ ಒಳಛಾವಣಿ ಹೊಡೆಸಿ ಹೋಮ್ ಥಿಯೇಟರ್, ಅತಿಥಿಗಳ ಕೋಣೆ, ಮಕ್ಕಳ ಭರತನಾಟ್ಯದ ಅಭ್ಯಾಸಕ್ಕೆ ಜಾಗ ಮಾಡಿಕೊಳ್ಳುತ್ತಾರೆ. ಊರಿಂದ ಬಂದ ಅಪ್ಪ ಅಮ್ಮ ಆರು ತಿಂಗಳು ಮಲಗುವುದೂ ಎಷ್ಟೋ ಕಡೆ ಅಲ್ಲೇ. ಇಂಥ ಮನೆಯವರಿಗೆ ನನ್ನ ವಿನಂತಿ ಇಷ್ಟು. ಜಿಪ್ಸಮ್ ಹಲಗೆ ಮೇಲೇರುವ ಮುನ್ನ ಒಂದು ವಾರ ಕೆಲಸ ನಿಲ್ಲಿಸಿ. ಜಂತೆಗೆ ಹೊಡೆದ ತಗಡುಗಳನ್ನು ತೆಗೆಸಿ, ಅಲ್ಲಿ ನಾಲ್ಕೂ ಮೈಯಿರುವ ತಗಡಿನ ಡಕ್ಟ್ ಕೂರಿಸಿ. ಅದಕ್ಕೆ ಜಾಗವಿಲ್ಲದಿದ್ದರೆ ಇರುವ ತಗಡಿನ ಅಂಚು, ಜಂತೆಯ ಕೊನೆ, ತಂತಿ ತೂರಿದ ತೂತು ಎಲ್ಲಕ್ಕೂ ಮಾಸ್ಟಿಕ್ ಬಳಿಸಿ. ಗುತ್ತಿಗೆದಾರರ ಬಾಯಿಮಾತಿಗೆ ಒಪ್ಪದೆ ಡಕ್ಟ್ ಸೋರಿಕೆಯ ಪರೀಕ್ಷೆ ಮಾಡಿಸಿ, ಅಂಕಿಯನ್ನು ಬರೆಸಿಕೊಳ್ಳಿ. ರೇಡಾನ್ ಅಳೆಸಿ. ಮಲಗುವ ಕೋಣೆಗಳ ಹತ್ತಿರ ಪ್ರತಿ ಮಹಡಿಯಲ್ಲೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯೇ, ಅದರ ಬ್ಯಾಟರಿ ಸರಿಯಿದೆಯೇ ಎಂಬುದನ್ನು ಮಾತ್ರ ಯಾರಿಗೂ ಕಾಯದೆ ಇಂದು ರಾತ್ರಿಯೇ ನೋಡಿಬಿಡಿ.